ವಿಲ್ ಬರೆಯೋಣ, ಕನ್ನಡದಲ್ಲೇ ಬರೆಯೋಣ



ಊಟಕ್ಕೆ ಮುಂಚೆ ಸಾವಿನ ಮಾತೇಕೆ ಎಂದು ಗೊಣಗಬೇಡಿ. ಆಹ್ವಾನದಲ್ಲಿ 'ಎಸ್ಟೇಟ್ ಪ್ಲಾನಿಂಗ್' ಎಂದು ಹಾಕಿದ್ದಕ್ಕೆ ಇಬ್ಬರು ಫೋನ್ ಮಾಡಿ, ಚಿಕ್ಕಮಗಳೂರಲ್ಲಿ ಕಾಫಿ ತೋಟ ಮಾರಾಟಕ್ಕಿದೆಯಾ ಎಂದು ಕೇಳಿದರು! ತೋಟವಲ್ಲ ಸ್ವಾಮಿ, ವಿಲ್. ನಮ್ಮ ನಂತರ ನಮ್ಮದು ಯಾರಿಗೆ, ಹೇಗೆ ತಲುಪಬೇಕು ಎಂಬ ವಿಚಾರ.

ನಾನು ವಕೀಲನಲ್ಲ, ಸಾಫ್ಟ್‌ವೇರ್ ಇಂಜಿನಿಯರ್. ಕಚೇರಿಯಲ್ಲಿ ಪ್ರತಿ ಸರ್ವರಿಗೂ ಬ್ಯಾಕಪ್ ಇಡುವ ನಮ್ಮ ಮನೆಗಳಲ್ಲಿ ಎಲ್ಲ ಲೆಕ್ಕವೂ ಒಬ್ಬರ ತಲೆಯಲ್ಲೇ ಇರುತ್ತದೆ. 2024ರ ಜೂನ್ 12ರ ಬೆಳಗಿನ ಜಾವ ಮಂಗಾಫ್‌ನ ಕಟ್ಟಡಕ್ಕೆ ಬೆಂಕಿ ಬಿದ್ದು ಕನಿಷ್ಠ 45 ಭಾರತೀಯರು ತೀರಿಕೊಂಡರು. ಕರ್ನಾಟಕದವರೂ ಅವರಲ್ಲಿದ್ದರು. 'ವಯಸ್ಸಾಗಲಿ, ಆಮೇಲೆ ನೋಡೋಣ' ಎನ್ನುವ ಮಾತು ಅಂದಿನಿಂದ ನನಗೆ ಹಿಡಿಸುವುದಿಲ್ಲ.

ವಿಲ್ ಬರೆಯದಿದ್ದರೆ ಏನಾಗುತ್ತದೆ? ವಿದೇಶಿಯರ ಉತ್ತರಾಧಿಕಾರಕ್ಕೆ ಸತ್ತವರ ದೇಶದ ಕಾನೂನು ಅನ್ವಯ ಎಂದು ಕುವೈತಿನ 1961ರ ಕಾನೂನು ಹೇಳುತ್ತದೆ. ಅಂದರೆ ನಮ್ಮ ಕಾನೂನು. ಆದರೆ ನಮ್ಮದು ಒಂದೇ ಕಾನೂನಲ್ಲವಲ್ಲ! ಸಾಲ್ಮಿಯಾದ ಒಂದೇ ಕಟ್ಟಡದಲ್ಲಿ ಮೂವರು ಕನ್ನಡಿಗರಿದ್ದಾರೆ ಎನ್ನಿ. ಹಿಂದೂ ಗಂಡಸಿನ ಸ್ವಂತ ಗಳಿಕೆ 1956ರ ಕಾಯ್ದೆಯಂತೆ ಹೆಂಡತಿ, ಮಕ್ಕಳು ಮತ್ತು ತಾಯಿಗೆ ಸಮಪಾಲು. ಅವರಲ್ಲಿ ಯಾರಾದರೂ ಇದ್ದರೆ ತಂದೆಗೆ ಏನೂ ಇಲ್ಲ. ಮಂಗಳೂರಿನ ಕ್ರೈಸ್ತರಾದರೆ 1925ರ ಕಾಯ್ದೆಯಂತೆ ಹೆಂಡತಿಗೆ ಮೂರನೇ ಒಂದು, ಉಳಿದದ್ದು ಮಕ್ಕಳಿಗೆ. ಮಕ್ಕಳಿದ್ದರೆ ತಾಯಿಗೂ ಇಲ್ಲ, ತಂದೆಗೂ ಇಲ್ಲ. ಭಟ್ಕಳದ ಮುಸ್ಲಿಂ ಸ್ನೇಹಿತರಿಗೆ ಷರಿಯತ್ತಿನ ಪಾಲುಗಳಿವೆ. ಅವರು ವಿಲ್ ಬರೆದರೂ ಸಾಮಾನ್ಯವಾಗಿ ಮೂರನೇ ಒಂದರಷ್ಟಕ್ಕೆ ಮಾತ್ರ. ಊರಲ್ಲಿ ನಿಮ್ಮ ಹಣದಿಂದಲೇ ಔಷಧಿ ಕೊಳ್ಳುತ್ತಿರುವ ಅಪ್ಪನಿಗೆ ಕಾನೂನು ಏನು ಕೊಡುತ್ತದೆ ಎಂದು ಇವತ್ತೇ ನೋಡಿಕೊಳ್ಳಿ.

'ನಾಮಿನಿ ಹಾಕಿದ್ದೀನಿ, ತಮ್ಮನಿಗೆ ಜಿಪಿಎ ಕೊಟ್ಟಿದ್ದೀನಿ, ಸಾಕು' ಎನ್ನುವವರೇ ನಮ್ಮಲ್ಲಿ ಹೆಚ್ಚು. ಸಾಲದು. ಬ್ಯಾಂಕಿನ ನಾಮಿನಿ ಹಣವನ್ನು ಪಡೆದುಕೊಳ್ಳುವವನೇ ಹೊರತು ಮಾಲೀಕನಲ್ಲ. ಷೇರುಗಳಿಗೂ ಇದೇ ಮಾತು ಎಂದು ಸುಪ್ರೀಂ ಕೋರ್ಟ್ 2023ರ ಡಿಸೆಂಬರಿನಲ್ಲಿ ಹೇಳಿತು. ಜೀವವಿಮೆ ಮಾತ್ರ ಬೇರೆ: 2015ರ ತಿದ್ದುಪಡಿಯ ನಂತರ ತಂದೆತಾಯಿ, ಗಂಡ ಅಥವಾ ಹೆಂಡತಿ, ಮಕ್ಕಳು ನಾಮಿನಿಯಾದರೆ ಹಣ ಅವರದ್ದೇ. ಇನ್ನು ರಾಯಭಾರ ಕಚೇರಿಯಲ್ಲಿ ಅರ್ಧ ದಿನ ನಿಂತು ಮಾಡಿಸಿದ ಆ ಜಿಪಿಎ? ಕೊಟ್ಟವರು ಸತ್ತ ಕ್ಷಣಕ್ಕೆ ಅದೂ ಸತ್ತಂತೆ. ಅದನ್ನು ಹಿಡಿದುಕೊಂಡು ತಮ್ಮ ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋದರೆ ಪ್ರಯೋಜನವಿಲ್ಲ.

ಈಗ ನನಗೆ ಬಹಳ ಇಷ್ಟವಾದ ಸಂಗತಿ. ವಿಲ್‌ಗೆ ಛಾಪಾ ಕಾಗದ ಬೇಕಿಲ್ಲ, ನೋಂದಣಿ ಕಡ್ಡಾಯವಲ್ಲ, ವಕೀಲರ ಇಂಗ್ಲಿಷಂತೂ ಬೇಕೇ ಇಲ್ಲ. ಬರೆದವರ ಇಚ್ಛೆ ತಿಳಿದರೆ ಸಾಕು, ಪಾರಿಭಾಷಿಕ ಪದಗಳು ಬೇಡ ಎಂದು 1925ರ ಕಾಯ್ದೆಯ 74ನೇ ಕಲಮು ಹೇಳುತ್ತದೆ. ಕರ್ನಾಟಕದಲ್ಲಿ ಕನ್ನಡದ ವಿಲ್ ನೋಂದಣಿಗೂ ಅಡ್ಡಿಯಿಲ್ಲ. ಹಾಗಿದ್ದ ಮೇಲೆ ತುಮಕೂರಿನ ಸೈಟಿನ ಬಗ್ಗೆ, ಮಂಡ್ಯದ ಪಹಣಿಯ ಬಗ್ಗೆ, ನಿಮ್ಮ ಅಮ್ಮನಿಗೆ ಅರ್ಥವಾಗದ ಭಾಷೆಯಲ್ಲಿ ಏಕೆ ಬರೆಯಬೇಕು? ಕನ್ನಡ ಕಚೇರಿಗಳಲ್ಲಿ ಇರಬೇಕು ಎಂದು ಕೂಗುವ ನಾವು ನಮ್ಮ ಕೊನೆಯ ಮಾತನ್ನಾದರೂ ಕನ್ನಡದಲ್ಲಿ ಆಡಬಾರದೇ? ಕುವೈತಿನ ಕೋರ್ಟಿಗೆ ಬೇಕಾದರೆ ಅರಬ್ಬಿ ಅನುವಾದ ಮಾಡಿಸಲೇಬೇಕು. ಇಂಗ್ಲಿಷಿನಲ್ಲಿ ಬರೆದರೂ ಆ ಖರ್ಚು ತಪ್ಪದು.

ನಿಮ್ಮ ಸಹಿ, ಅದನ್ನು ಕಂಡ ಇಬ್ಬರು ಸಾಕ್ಷಿಗಳ ಸಹಿ, ಇದು ಮಾತ್ರ ತಪ್ಪಬಾರದು. ಮುಂದೆ ತಕರಾರು ಬಂದರೆ ಒಬ್ಬ ಸಾಕ್ಷಿಯಾದರೂ ಕೋರ್ಟಿಗೆ ಬರಬೇಕಾಗುತ್ತದೆ. ಹಾಗಾಗಿ ನಾಳೆ ಕೆನಡಾಕ್ಕೆ ಹಾರಲಿರುವ ರೂಮ್‌ಮೇಟ್ ಬೇಡ. ರಜೆಯಲ್ಲಿ ಊರಿಗೆ ಹೋದಾಗ, ನಿಮಗಿಂತ ಚಿಕ್ಕವರಾದ, ಊರಲ್ಲೇ ನೆಲೆಸಿರುವ, ಪಾಲು ಇಲ್ಲದ ಇಬ್ಬರನ್ನು ಕರೆಯಿರಿ. ಅಜ್ಜನ ಕಾಲದ ಅವಿಭಕ್ತ ಜಮೀನಿದ್ದರೆ ನಿಮ್ಮ ಪಾಲನ್ನು ಮಾತ್ರ ಬರೆಯಬಹುದು. ಅಕ್ಕತಂಗಿಯರ ಪಾಲು ಕರ್ನಾಟಕದಲ್ಲಿ 1994ರಿಂದ, ದೇಶಕ್ಕೆಲ್ಲ 2005ರಿಂದ ಕಾನೂನಿನಲ್ಲೇ ಇದೆ. ಅದನ್ನು ಮರೆತವರಂತೆ ನಟಿಸಬೇಡಿ.

ಗಂಡ ಹೆಂಡತಿ ಇಬ್ಬರೂ ಬರೆಯಿರಿ. ಇಬ್ಬರೂ ಇಲ್ಲವಾದರೆ ಮಕ್ಕಳನ್ನು ಯಾರು ನೋಡಿಕೊಳ್ಳಬೇಕು ಎಂಬುದನ್ನೂ ಬರೆಯಿರಿ, ಆ ಚಿಕ್ಕಪ್ಪನನ್ನೋ ಅತ್ತೆಯನ್ನೋ ಮೊದಲು ಕೇಳಿ. ಇಲ್ಲಿ ಮನೆಯವರ 22ನೇ ಕಲಮಿನ ವೀಸಾ ದುಡಿಯುವವರ ವೀಸಾಕ್ಕೆ ತಗುಲಿಕೊಂಡಿದೆ. ದುಡಿಯುವವರು ಹೋದರೆ ಉಳಿದವರು ದುಃಖದಲ್ಲೇ ಗಂಟುಮೂಟೆ ಕಟ್ಟಬೇಕಾಗುತ್ತದೆ. ಆ ಹೊತ್ತಿಗೆ ಕಂಪನಿಯಿಂದ ಬರಬೇಕಾದದ್ದು ಎಷ್ಟು ಎಂದು ಅವರಿಗೆ ಗೊತ್ತಿರಬೇಕು. 2010ರ ಕಾರ್ಮಿಕ ಕಾನೂನಿನಂತೆ ತಿಂಗಳ ಸಂಬಳದವರಿಗೆ ಮೊದಲ 5 ವರ್ಷಕ್ಕೆ ವರ್ಷಕ್ಕೆ 15 ದಿನದ, ಆಮೇಲೆ ವರ್ಷಕ್ಕೊಂದು ತಿಂಗಳ ಸಂಬಳ. ಒಟ್ಟು ಒಂದೂವರೆ ವರ್ಷದ ಸಂಬಳ ಮೀರದಂತೆ.

ಇಷ್ಟೆಲ್ಲ ಬರೆದು ಇಲ್ಲಿನ ಕಪಾಟಿನಲ್ಲೇ ಬೀಗ ಹಾಕಬೇಡಿ. 1990ರ ಆಗಸ್ಟ್ 2ರ ನಂತರ ಮನೆಮಠ ಬಿಟ್ಟು ಅಮ್ಮಾನ್ ಹಾದಿ ಹಿಡಿದ ಹಿರಿಯರು ಇದ್ದರೆ ಕೇಳಿ, ಕಾಗದಗಳ ಗತಿ ಏನಾಯಿತೆಂದು. ಮೂಲ ಪ್ರತಿ ಊರಲ್ಲಿರಲಿ, ನಕಲು ಇಲ್ಲಿರಲಿ. ಜೊತೆಗೆ ಒಂದು ಹಾಳೆಯಲ್ಲಿ ಬ್ಯಾಂಕು, ವಿಮೆ, ಸಾಲ, ಕೈಸಾಲ, ಚೀಟಿ ಎಲ್ಲವನ್ನೂ ಬರೆದು ಮನೆಯಾಕೆಗೆ ತೋರಿಸಿ. ಪೌತಿ ಖಾತೆಗೆ ನಾಡಕಚೇರಿಯಲ್ಲಿ ವಂಶವೃಕ್ಷ ಕೇಳುತ್ತಾರೆ, ಅಪ್ಪ ಅಮ್ಮನ ಹೆಸರಿನ ಕಾಗುಣಿತ ಪಾಸ್‌ಪೋರ್ಟಿನಲ್ಲೂ ಪಹಣಿಯಲ್ಲೂ ಒಂದೇ ಇದೆಯೇ ನೋಡಿಕೊಳ್ಳಿ. ನಮ್ಮಲ್ಲಿ ಅರ್ಧ ಜನರ ತಕರಾರು ಅಲ್ಲೇ ಶುರುವಾಗುವುದು.

ಆಸ್ತಿ ದೊಡ್ಡದಿದ್ದರೆ, ಎರಡು ಸಂಸಾರವಿದ್ದರೆ, ಪಾಲುದಾರಿಕೆ ವ್ಯಾಪಾರವಿದ್ದರೆ ವಕೀಲರ ಹತ್ತಿರ ಹೋಗಿ. ಉಳಿದವರಿಗೆ ಒಂದು ಹಾಳೆ, ಒಂದು ಪೆನ್ನು, ಒಂದು ಶುಕ್ರವಾರ ಸಾಕು. ಈಗ ಪ್ರಶ್ನೆಗಳಿದ್ದರೆ ಕೇಳಿ.