ವಿಜ್ಞಾನದಲ್ಲಿ ಹಿಂದುಳಿದ ಮಕ್ಕಳು
(ಕದರಮಂಡಲಗಿಯ ಪಾಲಕರ ಸಭೆಯಲ್ಲಿ ಪ್ರೌಢಶಾಲೆಯ ವಿಜ್ಞಾನ ಶಿಕ್ಷಕರೊಬ್ಬರು ಮಾಡಿದ ಭಾಷಣ)



ಕಾಂತೇಶನ ಸನ್ನಿಧಿಯ ಈ ಊರಿನಲ್ಲಿ ತಾವು ಹೊಲಮನೆಯ ಕೆಲಸ ಬಿಟ್ಟು ಬಂದು ಕುಳಿತಿದ್ದೀರಿ. ಆದ್ದರಿಂದ ಪೀಠಿಕೆ ಬೆಳೆಸದೆ ವಿಷಯಕ್ಕೆ ಬರುತ್ತೇನೆ.

ಹತ್ತನೆಯ ಇಯತ್ತೆಯಲ್ಲಿ ಕೆಲವು ಮಕ್ಕಳು ವಿಜ್ಞಾನದಲ್ಲಿಯೇ ಎಡವುತ್ತಾರೆ. “ಇವರ ತಲೆಗೆ ಹತ್ತುವುದಿಲ್ಲ” ಎಂದು ನಾವು ಶಿಕ್ಷಕರು ಅಂದುಬಿಡುತ್ತೇವೆ. ನಾನೂ ಹಲವು ವರ್ಷ ಅಂದವನೇ. ಶಾಲೆ ಬಿಟ್ಟ ಮೇಲೆ ಅವರನ್ನು ಕೂಡಿಸಿಕೊಂಡು, ಅದೇ ಪಾಠವನ್ನು ಇನ್ನೂ ದೊಡ್ಡ ದನಿಯಲ್ಲಿ ಹೇಳುತ್ತಿದ್ದೆ. ಪರೀಕ್ಷೆ ಹತ್ತಿರ ಬಂದಾಗ ನಾಲ್ಕು ಚಿತ್ರ, ಹತ್ತು ಪ್ರಶ್ನೆ ಬಾಯಿಪಾಠ ಮಾಡಿಸುತ್ತಿದ್ದೆ. ಕೆಲವರು ದಾಟಿದರು, ದಾಟಿದವರಿಗೂ ವಿಷಯ ತಿಳಿದಿರಲಿಲ್ಲ.

ನನ್ನ ಕಣ್ಣು ತೆರೆಸಿದವಳು ಒಬ್ಬ ಹುಡುಗಿ. ಜಲಜನಕ, ಆಮ್ಲಜನಕ ಕೂಡಿ ನೀರಾಗುವ ಸಮೀಕರಣವನ್ನು ಸರಿದೂಗಿಸಲು ಕೊಟ್ಟಿದ್ದೆ. ಎಡಗಡೆ ಆಮ್ಲಜನಕದ ಪರಮಾಣು ಎರಡು, ಬಲಗಡೆ ನೀರಿನಲ್ಲಿ ಒಂದೇ. ಆಕೆ ನೀರಿನ ಸೂತ್ರದೊಳಗೇ ಇನ್ನೊಂದು ಆಮ್ಲಜನಕವನ್ನು ಸೇರಿಸಿಬಿಟ್ಟಳು. ನಾನು ತಪ್ಪು ಎಂದಾಗ, “ಎರಡೂ ಕಡೆ ಲೆಕ್ಕ ಸರಿ ಬಂತಲ್ರೀ ಸರ್?” ಅಂದಳು. ಲೆಕ್ಕವೇನೋ ಸರಿಯೇ, ಆದರೆ ನೀರು ನೀರಾಗಿ ಉಳಿಯದೆ ಹೈಡ್ರೋಜನ್ ಪೆರಾಕ್ಸೈಡ್ ಆಗಿತ್ತು! ಅವಳು ದಡ್ಡಿಯಲ್ಲ. ಸೂತ್ರದ ಒಳಗಿನ ಅಂಕಿಗೂ ಮುಂದಿನ ಅಂಕಿಗೂ ಇರುವ ಭೇದವನ್ನು ಯಾರೂ ಅವಳಿಗೆ ತೋರಿಸಿರಲಿಲ್ಲ.

ಅಂದು ರಾತ್ರಿ ಒಂದು ಹಾಳೆ ಬರೆದೆ. ಹೆಸರುಕಾಳು ಜಲಜನಕ, ಕಡಲೆ ಆಮ್ಲಜನಕ. ಒಂದು ಕಡಲೆ, ಎರಡು ಹೆಸರುಕಾಳು ಇಟ್ಟು ಸುತ್ತ ಗೆರೆ ಎಳೆದರೆ ನೀರಿನ ಒಂದು ಅಣು. ಗೆರೆಯೊಳಗೆ ಕೈ ಹಾಕುವಂತಿಲ್ಲ. ಬೇಕಾದರೆ ಅಂಥದೇ ಇನ್ನೊಂದು ಅಣುವನ್ನು ಪಕ್ಕದಲ್ಲಿ ಇಡಬಹುದು. ಮರುದಿನ ಆಕೆ ತಾನೇ ಎರಡನೆಯ ಅಣು ಇಟ್ಟಳು. ಆಗ ಹೆಸರುಕಾಳು ನಾಲ್ಕಾದವು. ಎಡಗಡೆ ಜಲಜನಕದ ಇನ್ನೊಂದು ಜೋಡಿ ಬೇಕೆಂದು ತಾನೇ ಕಂಡುಕೊಂಡಳು. ಅರ್ಧ ತಾಸೂ ಹಿಡಿಯಲಿಲ್ಲ.

ಅಷ್ಟೇ ಅಂಕ ಪಡೆದ ಇನ್ನೊಬ್ಬ ಹುಡುಗನ ಉತ್ತರಪತ್ರಿಕೆ ತೆರೆದು ನೋಡಿದೆ. 220 ವೋಲ್ಟನ್ನು 0.5 ಆಂಪಿಯರಿನಿಂದ ಭಾಗಿಸಿ ರೋಧ 110 ಓಮ್ ಎಂದು ಬರೆದಿದ್ದ. ಬರಬೇಕಾದದ್ದು 440. ಓಮನ ನಿಯಮ ಅವನಿಗೆ ಗೊತ್ತಿತ್ತು, ದಶಮಾಂಶದ ಭಾಗಾಕಾರ ಗೊತ್ತಿರಲಿಲ್ಲ. ಮೂರನೆಯವನಿಗೆ ಪ್ರಶ್ನೆಯನ್ನು ಓದುವುದೇ ಕಷ್ಟವಾಗಿತ್ತು. ಮೂರು ಬೇರೆ ಬೇನೆಗೆ ನಾನು ಒಂದೇ ಕಷಾಯ ಕುಡಿಸುತ್ತಿದ್ದೆ.

ಇದು ನನ್ನ ಹೊಸ ಶೋಧವೇನೂ ಅಲ್ಲ. ಅಮೇರಿಕದ ಬೆಂಜಮಿನ್ ಬ್ಲೂಮ್ ಎಂಬ ಪಂಡಿತರು 1968ರಲ್ಲಿಯೇ, ಸಣ್ಣ ಪರೀಕ್ಷೆಯಿಂದ ಮಗು ಎಲ್ಲಿ ತಡೆದಿದೆಯೆಂದು ತಿಳಿದು, ಅದಕ್ಕೆ ತಕ್ಕ ಸಾಮಗ್ರಿ ಕೊಟ್ಟು, ಮತ್ತೆ ಪರೀಕ್ಷಿಸಬೇಕೆಂದು ಬರೆದರು. ನಮ್ಮಲ್ಲಿಯೂ 2020ರ ಮಾರ್ಚಿನಲ್ಲಿ ಶಾಲೆಗಳು ಮುಚ್ಚಿ ಮಕ್ಕಳ ಓದು ಹಿಂದೆ ಬಿದ್ದಾಗ, 2022-23ರಲ್ಲಿ ಸರಕಾರವು ‘ಕಲಿಕಾ ಚೇತರಿಕೆ’ ಎಂದು ಕಲಿಕಾ ಹಾಳೆಗಳನ್ನು ಕೊಟ್ಟಿತು. ಅವು ಇಡೀ ವರ್ಗಕ್ಕೆ. ನಾನು ಹೇಳುವುದು ಒಂದು ತಪ್ಪಿಗೆ ಒಂದು ಹಾಳೆ.

ಸಾಮಾನಿಗೆ ಹಣ ಬೇಡ. ನಮ್ಮ ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಿಕೆ ದೊರೆಯಿತು. ಖಾರ ಕಡಿಮೆ, ಬಣ್ಣ ಹೆಚ್ಚು ಎಂಬುದು ಅದರ ಹೆಸರು. ಅದರ ಪುಡಿಯನ್ನು ಒಂದು ಬಟ್ಟಲಲ್ಲಿ ನೀರಿಗೂ ಇನ್ನೊಂದರಲ್ಲಿ ಬೆಚ್ಚಗಿನ ಎಣ್ಣೆಗೂ ಹಾಕಿರಿ. ಕೆಂಪು ಎಣ್ಣೆಗೆ ಚೆನ್ನಾಗಿ ಇಳಿಯುತ್ತದೆ, ನೀರಿಗೆ ಇಳಿಯುವುದಿಲ್ಲ. ಒಗ್ಗರಣೆ ಹಾಕುವ ತಾಯಂದಿರಿಗೆ ಇದು ದಿನನಿತ್ಯದ ಮಾತು. ಇಲ್ಲಿ ಬಣ್ಣ ಕರಗಿತೇ ಹೊರತು ಹೊಸ ವಸ್ತು ಆಗಲಿಲ್ಲ. ಸುಟ್ಟ ಸುಣ್ಣಕ್ಕೆ ನೀರು ಹಾಕಿದರೆ ಕುದಿಯುವಷ್ಟು ಕಾವು ಹುಟ್ಟಿ ಬೇರೆಯೇ ವಸ್ತು ಆಗುತ್ತದೆ. ಕರಗುವುದಕ್ಕೂ ರಾಸಾಯನಿಕ ಬದಲಾವಣೆಗೂ ಭೇದ ತಿಳಿಯದ ಮಕ್ಕಳಿಗೆ ಈ ಎರಡೂ ಸಾಕು. ಆದರೆ ಸುಣ್ಣದ ಪ್ರಯೋಗವನ್ನು ಶಿಕ್ಷಕರೇ ಮಾಡಬೇಕು. ಕಣ್ಣಿಗೆ ಸಿಡಿದರೆ ಗಂಡಾಂತರ.

ಈಗ ತಮ್ಮಲ್ಲಿ ನನ್ನ ಬೇಡಿಕೆ. ಬ್ಯಾಡಗಿ ಪೇಟೆಗೆ ಮೆಣಸಿನಕಾಯಿ ತುಂಬಿ ಬರುವ ದಿನಗಳೂ ಹತ್ತನೆಯವರು ಪರೀಕ್ಷೆಗೆ ಓದುವ ದಿನಗಳೂ ಒಂದೇ. ತೊಟ್ಟು ಬಿಡಿಸುವ ಕೂಲಿಗೆ ತಾಯಿ ಹೋದರೆ, ಮನೆ ಕಾಯಲು ಮಗಳು ಉಳಿಯುತ್ತಾಳೆ. ಕೂಲಿ ಬಿಡಿರೆಂದು ಹೇಳುವ ಅಧಿಕಾರ ನನಗಿಲ್ಲ. ಅವಳು ತಪ್ಪಿಸಿದ ದಿನದ ಹಾಳೆಯನ್ನು ನಾನು ನೆರೆಮನೆಯ ಹುಡುಗಿಯ ಕೈಯಲ್ಲಿ ಕಳಿಸುತ್ತೇನೆ. ರಾತ್ರಿ ಅರ್ಧ ತಾಸು ಟಿ.ವಿ. ನಿಲ್ಲಿಸಿ ಅವಳಿಗೆ ದೀಪದ ಕೆಳಗೆ ಜಾಗ ಮಾಡಿಕೊಡಿರಿ. ಹಾಳೆ ತಪ್ಪಾಗಿದ್ದರೂ ತಿದ್ದಬೇಡಿರಿ, ಬೈಯಬೇಡಿರಿ, ಹಾಗೆಯೇ ಮರಳಿ ಕಳಿಸಿರಿ. ಆ ತಪ್ಪು ಕಂಡರೆ ಮಾತ್ರ ನನಗೆ ಮುಂದಿನ ಹಾಳೆ ಬರೆಯಲು ಬರುತ್ತದೆ.

ಬರುವ ಶನಿವಾರ ಮಕ್ಕಳ ಕೈಯಲ್ಲಿ ಒಂದು ಹಿಡಿ ಕಡಲೆ, ಒಂದು ಹಿಡಿ ಹೆಸರುಕಾಳು ಕಳಿಸಿರಿ. ದಾರಿಯಲ್ಲಿ ಕಡಲೆ ತಿಂದು ಮುಗಿಸದಂತೆ ಎಚ್ಚರಿಕೆಯನ್ನೂ ಹೇಳಿರಿ.