ಗೆರೆಯಂಚಿನ ಆಟಗಾರರು



ಒಲಿಂಪಿಕ್ಸ್ ಫುಟ್‌ಬಾಲಿನಲ್ಲಿ ಭಾರತದ ಮೊದಲ ಎರಡು ಗೋಲುಗಳನ್ನು ಹೊಡೆದ ಇಬ್ಬರೂ ಅಂದಿನ ಮೈಸೂರು ರಾಜ್ಯದವರು, ಬೆಂಗಳೂರಿನವರು. 1948ರ ಜುಲೈ 31ರಂದು ಲಂಡನ್ ಬಳಿಯ ಇಲ್ಫರ್ಡಿನಲ್ಲಿ ಸಾರಂಗಪಾಣಿ ರಾಮನ್ ಫ್ರಾನ್ಸ್ ವಿರುದ್ಧ ಗೋಲು ಹೊಡೆದು ಆಟವನ್ನು ಸಮ ಮಾಡಿದರು. ನಮ್ಮವರಲ್ಲಿ ಬಹುಪಾಲು ಮಂದಿ ಬರಿಗಾಲಲ್ಲಿದ್ದರು. ನಮಗೆ ಸಿಕ್ಕ ಎರಡು ಪೆನಾಲ್ಟಿಗಳು ವ್ಯರ್ಥವಾಗಿ, ಕೊನೆಗಳಿಗೆಯಲ್ಲಿ ಫ್ರಾನ್ಸ್ 2-1ರಿಂದ ಗೆದ್ದಿತು. 1952ರಲ್ಲಿ ಹೆಲ್ಸಿಂಕಿಯಲ್ಲಿ ಯುಗೊಸ್ಲಾವಿಯ ನಮ್ಮ ಮೇಲೆ 10 ಗೋಲು ಹೇರಿತು. ನಾವು ತಿರುಗಿಸಿ ಹೊಡೆದ ಒಂದೇ ಗೋಲು ಅಹ್ಮದ್ ಖಾನ್ ಅವರದು.

1926ರಲ್ಲಿ ಹುಟ್ಟಿದ ಅಹ್ಮದ್ ಖಾನ್ ಇನ್‌ಸೈಡ್ ಲೆಫ್ಟ್ ಆಟಗಾರ. ಕಲ್ಕತ್ತೆಯ ಈಸ್ಟ್ ಬೆಂಗಾಲ್ ಕ್ಲಬ್ಬಿನಲ್ಲಿ ವೆಂಕಟೇಶ್, ಅಪ್ಪಾರಾವ್, ಧನರಾಜ್, ಸಾಲೆ ಅವರೊಡನೆ ಆಡಿದರು; ಈ ಐವರನ್ನು ಜನ ಪಂಚಪಾಂಡವರೆಂದೇ ಕರೆದರು. 1949, 1950, 1951, ಮೂರು ವರ್ಷವೂ ಐಎಫ್‌ಎ ಶೀಲ್ಡ್ ಅವರ ಪಾಲಾಯಿತು. ಬಲ ಅಂಚಿನಲ್ಲಿ ವೆಂಕಟೇಶ್, ಎಡ ಅಂಚಿನಲ್ಲಿ ಸಾಲೆ. ಅಂಚಿನ ಆಟಗಾರ ಎಷ್ಟೇ ವೇಗಿಯಾಗಿರಲಿ, ಚೆಂಡನ್ನು ಹೊತ್ತಿಗೆ ಸರಿಯಾಗಿ ಅವನ ದಾರಿಗೆ ತಳ್ಳುವವನು ಬೇಕು. ಎಡಗಡೆ ಆ ಕೆಲಸ ಅಹ್ಮದ್ ಖಾನ್ ಅವರದಾಗಿತ್ತು. ಹಾಗಾಗಿ ಅಂಚಿನ ಆಟಗಾರ, ಅಂದರೆ ವಿಂಗರ್ ಒಬ್ಬನ ಜೀವನಚರಿತ್ರೆ ಅವನೊಬ್ಬನ ಕಥೆಯಾಗಿ ನಿಲ್ಲಲಾರದು.

ಅಂಥ ಕಥೆ ಬರೆಯಲು ದಾಖಲೆ ಬೇಕು. ಅದಕ್ಕೊಂದು ಉದಾಹರಣೆಯಾಗಿ ಅದೇ ಕಾಲದ ಐರ್ಲೆಂಡಿನ ಒಬ್ಬ ಆಟಗಾರನತ್ತ ನೋಡೋಣ. ಡಬ್ಲಿನ್ನಿನ ಟಾಮಿ ಎಗ್ಲಿಂಗ್ಟನ್ 1946ರಲ್ಲಿ ಇಂಗ್ಲೆಂಡಿನ ಎವರ್ಟನ್ ಸೇರಿದ ಎಡಗಡೆಯ ವಿಂಗರ್. ಹೆಲ್ಸಿಂಕಿಯ ವರ್ಷವೇ, 1952ರಲ್ಲಿ, ಡಾನ್‌ಕಾಸ್ಟರ್ ವಿರುದ್ಧ ಒಂದೇ ಪಂದ್ಯದಲ್ಲಿ 5 ಗೋಲು ಹೊಡೆದರು. ಅದು ಎರಡನೇ ದರ್ಜೆಯ ಲೀಗಿನ ಪಂದ್ಯ. ಆದರೂ ಎಪ್ಪತ್ತು ವರ್ಷಗಳಾಚೆ, ಮೈಸೂರಿನಲ್ಲಿ ನಿಂತು ನಾನು ಅದನ್ನು ಹೇಳಬಲ್ಲೆ. ಅಲ್ಲಿ ಯಾರೋ ಪಂದ್ಯಪಂದ್ಯವನ್ನೂ ಬರೆದಿಟ್ಟರು, ಬರೆದದ್ದನ್ನು ಕಾಪಾಡಿದರು. ದೊಡ್ಡ ಆಟಗಾರರು ನಮ್ಮಲ್ಲೂ ಇದ್ದರು. ಬರೆದಿಡುವ ಆ ಶ್ರದ್ಧೆಯನ್ನು ನಾವು ಅವರಿಗೆ ಸಲ್ಲಿಸಬೇಕಾಗಿದೆ.

ಈ ಋಣ ಮೈಸೂರಿನ ಮೇಲೆ ವಿಶೇಷವಾಗಿದೆ. 1946-47, 1952-53, 1967-68, 1968-69, ನಾಲ್ಕು ಸಲ ರಾಜ್ಯ ತಂಡಗಳ ಸಂತೋಷ್ ಟ್ರೋಫಿ ಗೆದ್ದ ತಂಡದ ಹೆಸರು ಮೈಸೂರು. ಕರ್ನಾಟಕ ಎಂಬ ಹೆಸರಿನಲ್ಲಿ ಆ ಟ್ರೋಫಿ ಮತ್ತೆ ನಮಗೆ ದಕ್ಕಿದ್ದು 2023ರ ಮಾರ್ಚಿನಲ್ಲಿ, ರಿಯಾದಿನಲ್ಲಿ. ನಡುವೆ ಎರಡು ತಲೆಮಾರು ಸರಿದುಹೋಗಿವೆ. ಅಹ್ಮದ್ ಖಾನ್ 2017ರಲ್ಲಿ ತೀರಿಕೊಂಡರು.

ಈ ವಿಚಾರ ಸಂಕಿರಣದಿಂದ ನನ್ನ ಅಪೇಕ್ಷೆ ಇಷ್ಟೇ. ಹಳೆಯ ಪತ್ರಿಕೆಗಳ ಕ್ರೀಡಾಪುಟಗಳನ್ನು ಒಂದೊಂದಾಗಿ ಓದಿ ಪಂದ್ಯಗಳ ಪಟ್ಟಿ ಮಾಡೋಣ. ಆಟಗಾರರ ಮನೆಗಳಲ್ಲಿರುವ ಫೋಟೊಗಳ ಹಿಂದೆ ಹೆಸರು, ಇಸವಿ ಬರೆಸೋಣ. ಆಟ ನೋಡಿದ ಹಿರಿಯರ ಮಾತನ್ನು ಧ್ವನಿಮುದ್ರಿಸಿ, ಪತ್ರಿಕೆಯ ವರದಿಯೊಡನೆ ತಾಳೆ ನೋಡೋಣ. ವಿಂಗರ್ ಓಡುವುದು ಗೆರೆಯ ಅಂಚಿನಲ್ಲಿ, ಪ್ರೇಕ್ಷಕರಿಗೆ ಕೈಗೆಟುಕುವಷ್ಟು ಹತ್ತಿರ. ಅವನ ಉಸಿರಾಟ ಕೇಳಿಸಿಕೊಂಡವರು ಇನ್ನೂ ಕೆಲವರು ನಮ್ಮ ನಡುವೆ ಇದ್ದಾರೆ. ಮೊದಲು ಅವರ ಬಳಿ ಹೋಗೋಣ.