ಹಳೆಯ ಸ್ಪೋರ್ಟ್ಸ್ ಕಾರಿಗೆ ಟೈರಿನ ಆಯ್ಕೆ

ಮೋಟಾರು ಕಾರಿನ ವಿಚಾರ ಬಂದಾಗ ಜನ ಎಂಜಿನ್ನಿನ ಶಕ್ತಿಯನ್ನೂ ಮೈಬಣ್ಣದ ಹೊಳಪನ್ನೂ ಕುರಿತು ಆಡುವಷ್ಟು ಮಾತನ್ನು ಟೈರನ್ನು ಕುರಿತು ಆಡುವುದಿಲ್ಲ. ಆದರೆ ಎಂಜಿನ್ನು ಎಷ್ಟೇ ಬಲವುಳ್ಳದ್ದಾಗಿರಲಿ, ಬ್ರೇಕು ಎಷ್ಟೇ ಚುರುಕಾಗಿರಲಿ, ಅವುಗಳ ಕೆಲಸವೆಲ್ಲ ನೆಲವನ್ನು ಮುಟ್ಟಬೇಕಾದದ್ದು ನಾಲ್ಕು ಟೈರುಗಳ ಮೂಲಕವೇ. ಒಂದು ಸಣ್ಣ ಲೆಕ್ಕವನ್ನು ನೋಡೋಣ. ಚಾಲಕನೂ ಸೇರಿ ಸುಮಾರು 1000 ಕಿಲೋಗ್ರಾಂ ತೂಗುವ ಕಾರಿನಲ್ಲಿ ಒಂದೊಂದು ಚಕ್ರವೂ ಸುಮಾರು 250 ಕಿಲೋಗ್ರಾಂ ಭಾರವನ್ನು ಹೊರುತ್ತದೆ. ಟೈರಿನೊಳಗಿನ ಗಾಳಿಯ ಒತ್ತಡ ಚದರಂಗುಲಕ್ಕೆ 26 ಪೌಂಡು, ಎಂದರೆ ಚದರ ಸೆಂಟಿಮೀಟರಿಗೆ ಸುಮಾರು 1.8 ಕಿಲೋಗ್ರಾಂ ಇದ್ದರೆ, ಒಂದು ಟೈರು ನೆಲವನ್ನು ಮುಟ್ಟುವ ಜಾಗ ಸ್ಥೂಲವಾಗಿ 140 ಚದರ ಸೆಂಟಿಮೀಟರು ಮಾತ್ರ. ಬೆರಳುಗಳೂ ಸೇರಿದಂತೆ ಒಂದು ಹಸ್ತವನ್ನು ನೆಲದ ಮೇಲೆ ಊರಿದರೆ ಎಷ್ಟು ಜಾಗವೋ ಹೆಚ್ಚುಕಡಮೆ ಅಷ್ಟು. ಇಂಥ ನಾಲ್ಕು ಹಸ್ತಗಳ ಆಧಾರದ ಮೇಲೆ ಮನುಷ್ಯ ಗಂಟೆಗೆ ನೂರು ಕಿಲೋಮೀಟರಿಗೂ ಮಿಕ್ಕ ವೇಗದಲ್ಲಿ ತಿರುವುಗಳನ್ನು ದಾಟುತ್ತಾನೆ.

ಸಾಧಾರಣ ಕಾರಿನವನಿಗೆ ಟೈರಿನ ಆಯ್ಕೆ ಅಷ್ಟೇನೂ ಕಷ್ಟವಲ್ಲ. ಹಳೆಯ ಸ್ಪೋರ್ಟ್ಸ್ ಕಾರೊಂದನ್ನು ಇಟ್ಟುಕೊಂಡು, ಅದನ್ನು ವಾರವೆಲ್ಲ ರಸ್ತೆಯ ಮೇಲೂ ವರ್ಷಕ್ಕೆ ಕೆಲವು ದಿನ ಓಟದ ಪಥದ ಮೇಲೂ ನಡೆಸುವವನದು ಬೇರೆಯ ಪಾಡು. ಈ ಹವ್ಯಾಸ ವಿಶೇಷವಾಗಿ ಬೇರೂರಿರುವುದು ಇಂಗ್ಲೆಂಡಿನಲ್ಲಿ. ಅಲ್ಲಿ ಕ್ಯಾಸಲ್ ಕೂಂಬ್, ಕ್ಯಾಡ್ವೆಲ್ ಪಾರ್ಕ್, ಬ್ರಾಂಡ್ಸ್ ಹ್ಯಾಚ್ ಮೊದಲಾದ ಪಥಗಳು ಪಂದ್ಯವಿಲ್ಲದ ಎಷ್ಟೋ ದಿನಗಳಲ್ಲಿ ಶುಲ್ಕ ತೆತ್ತವರಿಗೆ ತೆರೆದಿರುತ್ತವೆ. ಇದಕ್ಕೆ ಟ್ರ್ಯಾಕ್ ಡೇ ಎಂದು ಹೆಸರು. ಅಲ್ಲಿ ಸೋಲುಗೆಲುವಿಲ್ಲ, ಬಹುಮಾನವಿಲ್ಲ. ಗಡಿಯಾರ ಹಿಡಿದು ಸುತ್ತುಗಳ ಕಾಲವನ್ನು ಅಳೆಯುವುದಕ್ಕೂ ಸಾಮಾನ್ಯವಾಗಿ ಅವಕಾಶವಿಲ್ಲ. ತನ್ನ ಕಾರನ್ನು ತಾನೇ ಓಡಿಸಿಕೊಂಡು ಬಂದು, ದಿನವೆಲ್ಲ ಸುತ್ತಿ, ಸಂಜೆ ಅದೇ ಕಾರಿನಲ್ಲಿ ಮನೆಗೆ ಮರಳುವುದೇ ಅಲ್ಲಿನ ಕ್ರಮ. ಈ ಮರಳುವ ದಾರಿಯನ್ನು ಕೇಳುಗರು ನೆನಪಿನಲ್ಲಿಡಬೇಕೆಂದು ಪ್ರಾರ್ಥಿಸುತ್ತೇವೆ. ಟೈರಿನ ಆಯ್ಕೆಯ ಮರ್ಮವೆಲ್ಲ ಅಲ್ಲಿಯೇ ಅಡಗಿದೆ.

ವಿಷಯ ಸ್ಪಷ್ಟವಾಗಲೆಂದು ಒಂದು ಕಾರನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ಜಪಾನಿನ ಮಾಜ್ದಾ ಕಂಪನಿಯವರು 1989ರಲ್ಲಿ ಷಿಕಾಗೋ ಪ್ರದರ್ಶನದಲ್ಲಿ ಹೊರತಂದ ಎಂಎಕ್ಸ್-5 ಎಂಬುದು ಇಬ್ಬರು ಕೂರುವ, ಮೇಲ್ಹೊದಿಕೆ ತೆರೆಯುವ, ಹಿಂದಿನ ಚಕ್ರಗಳಿಂದ ನಡೆಯುವ ಪುಟ್ಟ ಗಾಡಿ. ಬರಿಯ ಕಾರಿನ ತೂಕ ಸಾವಿರ ಕಿಲೋಗ್ರಾಮಿಗೂ ಕಡಮೆ. ಕುದುರೆಯೂ ಸವಾರನೂ ಒಂದೇ ಜೀವದಂತಿರಬೇಕು ಎಂಬರ್ಥದ ಜಪಾನೀ ನುಡಿಯೊಂದನ್ನು ಅದರ ನಿರ್ಮಾಪಕರು ಧ್ಯೇಯವಾಗಿ ಇಟ್ಟುಕೊಂಡಿದ್ದರು. ಕಾರು ಕುದುರೆಯಾದರೆ ಟೈರು ಅದರ ಲಾಳ. ಆ ಕುದುರೆಗೆ ಅವರು ಮೊದಲು ತೊಡಿಸಿದ ಲಾಳದ ಅಳತೆ 185/60 ಆರ್ 14. ಎಂದರೆ ಟೈರಿನ ಅಗಲ 185 ಮಿಲಿಮೀಟರು. ಪಕ್ಕೆಯ ಎತ್ತರ ಆ ಅಗಲದಲ್ಲಿ ನೂರಕ್ಕೆ 60 ಪಾಲು. ಆರ್ ಎಂಬ ಅಕ್ಷರ ರೇಡಿಯಲ್ ರಚನೆಯನ್ನು ಸೂಚಿಸುತ್ತದೆ. 14 ಎಂಬುದು ಅಂಗುಲಗಳಲ್ಲಿ ರಿಮ್ಮಿನ ವ್ಯಾಸ. ಇದರ ಮುಂದೆ 82 ಎಚ್ ಎಂದಿದ್ದರೆ, ಆ ಟೈರು 475 ಕಿಲೋಗ್ರಾಂ ಭಾರವನ್ನು ಗಂಟೆಗೆ 210 ಕಿಲೋಮೀಟರು ವೇಗದವರೆಗೆ ಹೊರಬಲ್ಲುದೆಂದು ಅರ್ಥ.

ಇಂದು ಇಂಥ ಕಾರಿನ ಒಡೆಯ ಅಂಗಡಿಗೆ ಹೋದರೆ ಅವನ ಮುಂದೆ ಮೂರು ಜಾತಿಯ ಟೈರುಗಳು ನಿಲ್ಲುತ್ತವೆ. ಮೊದಲನೆಯದು ರಸ್ತೆಗಾಗಿಯೇ ಮಾಡಿದ ಒಳ್ಳೆಯ ಬೇಸಗೆಯ ಟೈರು. ಎರಡನೆಯದು ರಸ್ತೆಗೂ ಸಲ್ಲುವ, ಆದರೆ ಓಟದ ಪಥವನ್ನೇ ಮನಸ್ಸಿನಲ್ಲಿಟ್ಟು ಮಾಡಿದ ಮೃದು ರಬ್ಬರಿನದು. ಮೂರನೆಯದು ಕಾನೂನಿನ ಕಣ್ಣಿಗೆ ರಸ್ತೆಯ ಟೈರಾಗಿದ್ದು, ಸ್ವಭಾವದಲ್ಲಿ ಪಂದ್ಯದ್ದೇ ಆಗಿರುವ ಅಂಟುರಬ್ಬರಿನದು. ಮೈಮೇಲೆ ಗೀರೇ ಇಲ್ಲದ ನುಣುಪು ಟೈರು ರಸ್ತೆಗೆ ಬರುವಂತಿಲ್ಲವಾದ್ದರಿಂದ ಅದರ ಮಾತನ್ನು ಬಿಡೋಣ.

ಈ ಜಾತಿಗಳನ್ನು ಗುರುತಿಸಲು ಅಮೆರಿಕದ ಕ್ರಮದಂತೆ ಟೈರಿನ ಪಕ್ಕೆಯಲ್ಲಿ ಅಚ್ಚಾದ ಸವೆತದ ಅಂಕೆ ಕೊಂಚ ನೆರವಾಗುತ್ತದೆ. ಟೆಕ್ಸಸ್ಸಿನ ಗೊತ್ತಾದ ಹಾದಿಯೊಂದರಲ್ಲಿ 7200 ಮೈಲಿ ಓಡಿಸಿ, 100 ಎಂಬ ಅಂಕೆಯ ಮಾದರಿ ಟೈರಿನೊಡನೆ ಹೋಲಿಸಿ ಇದನ್ನು ಗೊತ್ತುಮಾಡುತ್ತಾರೆ. ರಸ್ತೆಯ ಬೇಸಗೆಯ ಟೈರಿಗೆ 300ರ ಆಸುಪಾಸು, ಎರಡನೆಯ ಜಾತಿಗೆ 200, ಮೂರನೆಯದಕ್ಕೆ 100 ಅಥವಾ ಅದಕ್ಕೂ ಕೆಳಗೆ ಎಂದು ಸ್ಥೂಲವಾಗಿ ಹೇಳಬಹುದು. ಅಂಕೆಯನ್ನು ಕೊಡುವವರು ತಯಾರಕರೇ ಆದ್ದರಿಂದ, ಒಬ್ಬರ 200ನ್ನು ಇನ್ನೊಬ್ಬರ 200ರೊಡನೆ ತಕ್ಕಡಿಯಲ್ಲಿಟ್ಟು ತೂಗಲಾಗದು.

ಹಾಗಾದರೆ ಅತ್ಯಂತ ಹೆಚ್ಚು ಹಿಡಿತವುಳ್ಳ ಟೈರನ್ನೇ ಕೊಂಡರೆ ತೀರಿತಲ್ಲವೆ ಎಂದು ಕೇಳಬಹುದು. ತೀರಲಿಲ್ಲ, ಏಕೆಂಬುದನ್ನು ತಿಳಿಯಲು ರಬ್ಬರಿನ ಗುಣವನ್ನು ತಿಳಿಯಬೇಕು. ರಬ್ಬರು ರಸ್ತೆಯ ಕಲ್ಲಿನ ಸೂಕ್ಷ್ಮವಾದ ಉಬ್ಬುತಗ್ಗುಗಳೊಳಗೆ ಇಳಿದು, ತನ್ನ ಮೊದಲಿನ ಆಕಾರಕ್ಕೆ ತಡವಾಗಿ ಮರಳುತ್ತದೆ. ಈ ತಡವೇ ಹಿಡಿತದ ಒಂದು ಮುಖ್ಯ ಮೂಲ, ಈ ತಡವೇ ಶಾಖದ ಮೂಲವೂ ಹೌದು. ಒಂದೊಂದು ಬಗೆಯ ರಬ್ಬರಿಗೂ ತನಗೆ ಒಗ್ಗುವ ಶಾಖದ ಒಂದು ಎಲ್ಲೆಯುಂಟು. ಪಂದ್ಯದ ರಬ್ಬರು ಕಾದಾಗ ಅಂಟಿಕೊಳ್ಳುತ್ತದೆ, ತಣ್ಣಗಿದ್ದಾಗ ಬಿಗಿದುಕೊಂಡು ಜಾರುತ್ತದೆ. ಪಥದಲ್ಲಿ ಅದು ಎರಡು ಸುತ್ತಿಗೆ ಕಾಯಬಹುದು. ಇಂಗ್ಲೆಂಡಿನ ಮುಂಜಾವದ ಚಳಿಯಲ್ಲಿ ರಸ್ತೆಯ ನಯವಾದ ವೇಗದಲ್ಲಿ ಅದು ಕಾಯುವುದೇ ಇಲ್ಲ. ಹಾಗೆ ಕಾದು ತಣಿದು ಕಾದು ತಣಿದು ಅದು ಗಡುಸಾಗುತ್ತಲೂ ಹೋಗುತ್ತದೆ. ರಸ್ತೆಯ ಟೈರಿನ ಸ್ವಭಾವ ಇದಕ್ಕೆ ವಿರುದ್ಧವಾದದ್ದು. ಅದು ತಣ್ಣಗಿದ್ದಾಗಲೂ ನೆಲವನ್ನು ಹಿಡಿಯುತ್ತದೆ, ಆದರೆ ಪಥದಲ್ಲಿ ಬಹಳ ಹೊತ್ತು ದುಡಿಸಿದರೆ ಬೆಂದು ಜಿಡ್ಡುಗಟ್ಟಿದಂತಾಗುತ್ತದೆ.

ಎರಡನೆಯ ಕಾರಣ ಕಾರಿನ ವಯಸ್ಸು. ಹಳೆಯ ಕಾರಿನ ಬುಡವೂ ಸ್ಪ್ರಿಂಗುಗಳೂ ಚಕ್ರದ ಬೇರಿಂಗುಗಳೂ ತಮ್ಮ ಕಾಲದ ಟೈರಿನ ಹಿಡಿತಕ್ಕೆ ತಕ್ಕಂತೆ ಅಳತೆಗೊಂಡವು. ಅಂಟುರಬ್ಬರನ್ನು ತೊಡಿಸಿದರೆ ತಿರುವಿನಲ್ಲಿ ಆ ಭಾಗಗಳಿಗೆ ಬೀಳುವ ಎಳೆತ ಹೆಚ್ಚುತ್ತದೆ. ದೀರ್ಘವಾದ ತಿರುವಿನಲ್ಲಿ ಎಂಜಿನ್ನಿನ ತಳದ ಎಣ್ಣೆ ಒಂದು ಪಕ್ಕಕ್ಕೆ ಸರಿದು ಪಂಪಿನ ಬಾಯಿಗೆ ಸಿಕ್ಕದೆ ಹೋಗಿ, ಬೇರಿಂಗು ಒಣಗಿ ಎಂಜಿನ್ನೇ ಕೆಟ್ಟುಹೋಗುವುದೂ ಉಂಟು. ಹಾಸಿಗೆಯಿದ್ದಷ್ಟು ಕಾಲು ಚಾಚು ಎಂಬ ಗಾದೆ ಟೈರಿಗೂ ಸಲ್ಲುತ್ತದೆ.

ಮೂರನೆಯ ಕಾರಣ ಇವೆರಡಕ್ಕಿಂತಲೂ ಸೂಕ್ಷ್ಮವಾದದ್ದು. ಹಿಡಿತ ಹೆಚ್ಚಿದಷ್ಟೂ ಅದು ತಪ್ಪುವ ವೇಗವೂ ಹೆಚ್ಚುತ್ತದೆ. ರಸ್ತೆಯ ಟೈರು ಕೈಬಿಡುವ ಮುನ್ನ ಕೂಗಿ ಹೇಳುತ್ತದೆ, ಮೆಲ್ಲಮೆಲ್ಲನೆ ಸರಿಯುತ್ತದೆ, ಚಾಲಕನಿಗೆ ತಿದ್ದಿಕೊಳ್ಳಲು ಅವಕಾಶ ಕೊಡುತ್ತದೆ. ಪಂದ್ಯದ ಟೈರು ಬಹಳ ಹೊತ್ತು ಮೌನವಾಗಿದ್ದು ತಟಕ್ಕನೆ ಕೈಬಿಡುವುದುಂಟು. ಕಲಿಯುವವನಿಗೆ ಮೊದಲನೆಯದೇ ಒಳ್ಳೆಯ ಗುರು. ಇದು ನಮ್ಮ ಊಹೆ ಮಾತ್ರವಲ್ಲ. 2012ರಲ್ಲಿ ಟೊಯೋಟಾ ಕಂಪನಿಯವರು ತಮ್ಮ 86 ಎಂಬ ಹೊಸ ಸ್ಪೋರ್ಟ್ಸ್ ಕಾರನ್ನು ಹೊರತಂದಾಗ, ಇಂಧನ ಉಳಿತಾಯಕ್ಕೆ ಹೆಸರಾದ ತಮ್ಮ ಪ್ರಿಯಸ್ ಕಾರಿಗೂ ಕೆಲವೆಡೆ ತೊಡಿಸುತ್ತಿದ್ದ ಮಿಷಲಿನ್ ಟೈರನ್ನೇ ಬೇಕೆಂದು ಅದಕ್ಕೆ ತೊಡಿಸಿದರು. ಕಡಮೆ ವೇಗದಲ್ಲಿಯೇ ಕಾರು ಚಾಲಕನೊಡನೆ ಮಾತನಾಡಬೇಕು ಎಂಬುದು ಅವರ ಆಶಯ.

ಅಳತೆಯ ವಿಚಾರದಲ್ಲಿ ಬಹಳ ಹೇಳಬೇಕಾದದ್ದಿಲ್ಲ. ಎಂಎಕ್ಸ್-5ರ ಮೂಲ ಟೈರಿನ ಒಟ್ಟು ವ್ಯಾಸ ಸುಮಾರು 578 ಮಿಲಿಮೀಟರು. ಹದಿನೈದು ಅಂಗುಲದ ರಿಮ್ಮಿಗೆ ಬದಲಾಯಿಸುವವರು 195/50ರ ಅಳತೆಯನ್ನು ಆರಿಸಿದರೆ ವ್ಯಾಸ 576, ಹೆಚ್ಚು ವ್ಯತ್ಯಾಸವಿಲ್ಲ. 195/55ನ್ನು ಆರಿಸಿದರೆ 595ನ್ನು ಮೀರುತ್ತದೆ. ವೇಗಮಾಪಕ ನೂರಕ್ಕೆ ಮೂರರಷ್ಟು ಕಡಮೆ ತೋರಿಸಹತ್ತುತ್ತದೆ, ಗಾಡಿಯ ಎಳೆತವೂ ಅಷ್ಟು ಮಂಕಾಗುತ್ತದೆ. ಅಗಲದ ಟೈರನ್ನು ಕಿರಿದಾದ ರಿಮ್ಮಿಗೆ ತುರುಕಿದರೆ ಪಕ್ಕೆ ಉಬ್ಬಿ, ಸ್ಟಿಯರಿಂಗಿನ ಸ್ಪಷ್ಟತೆ ಹೋಗುತ್ತದೆ. ಅಳತೆ ಯಾವುದೇ ಆಗಲಿ, ನಾಲ್ಕು ಚಕ್ರಗಳಿಗೂ ಒಂದೇ ತಯಾರಕರ ಒಂದೇ ಬಗೆಯ ಟೈರಿರಬೇಕು. ಹಿಂದಿನ ಚಕ್ರಗಳ ಹಿಡಿತ ಮುಂದಿನವುಗಳಿಗಿಂತ ಮೊದಲು ತಪ್ಪಿದರೆ ಇಂಥ ಕಾರು ಬುಗುರಿಯಾಗುತ್ತದೆ.

ಇನ್ನು ಟೈರಿನ ವಯಸ್ಸು. ಹಳೆಯ ಸ್ಪೋರ್ಟ್ಸ್ ಕಾರು ವರ್ಷಕ್ಕೆ ಕೆಲವೇ ಸಾವಿರ ಕಿಲೋಮೀಟರು ಓಡುವುದರಿಂದ ಅದರ ಟೈರು ಸವೆಯುವ ಮೊದಲೇ ಮುದಿಯಾಗುತ್ತದೆ. ಗೀರುಗಳು ಆಳವಾಗಿ, ಮೈ ಕಪ್ಪಾಗಿ ಕಾಣುತ್ತಿದ್ದರೂ, ಗಾಳಿ ಬಿಸಿಲುಗಳ ದೆಸೆಯಿಂದ ಒಳಗಿನ ರಬ್ಬರು ಗಡುಸಾಗಿರುತ್ತದೆ. 2000ದ ಇಸವಿಯಿಂದೀಚೆಗೆ ಪಕ್ಕೆಯಲ್ಲಿ ನಾಲ್ಕು ಅಂಕೆಗಳ ಗುರುತಿದೆ; 1419 ಎಂದಿದ್ದರೆ 2019ನೆಯ ಇಸವಿಯ ಹದಿನಾಲ್ಕನೆಯ ವಾರದಲ್ಲಿ ತಯಾರಾದದ್ದೆಂದು ಅರ್ಥ. ಐದು ವರ್ಷದ ಬಳಿಕ ವರ್ಷವರ್ಷವೂ ಬಲ್ಲವರಿಗೆ ತೋರಿಸಬೇಕು, ಹತ್ತಾದರೆ ನೋಡಲು ಹೇಗಿದ್ದರೂ ತೆಗೆದುಹಾಕಬೇಕು ಎಂಬುದು ಮಿಷಲಿನ್ ಕಂಪನಿಯ ಸಲಹೆ. ಪಥಕ್ಕಿಳಿಯುವ ಕಾರಿಗೆ ಹತ್ತು ವರ್ಷವೂ ಅತಿಯೆಂದೇ ನಮ್ಮ ಅಭಿಪ್ರಾಯ. 2013ರ ನವೆಂಬರಿನಲ್ಲಿ ಕ್ಯಾಲಿಫೋರ್ನಿಯದಲ್ಲಿ ಚಿತ್ರನಟ ಪಾಲ್ ವಾಕರ್ ಪ್ರಯಾಣಿಕನಾಗಿ ಕುಳಿತಿದ್ದ ಪೋರ್ಷೆ ಕ್ಯಾರೆರಾ ಜಿಟಿ ಕಾರು ಅಪಘಾತಕ್ಕೀಡಾಗಿ ಇಬ್ಬರೂ ಮಡಿದರು. ಮಿತಿಮೀರಿದ ವೇಗವೇ ಕಾರಣವೆಂದು ತನಿಖೆ ಹೇಳಿತು. ಅದರ ಜೊತೆಗೆ ಆ ಕಾರಿನ ಟೈರುಗಳಿಗೆ ಒಂಬತ್ತು ವರ್ಷ ಕಳೆದಿತ್ತೆಂಬುದನ್ನೂ ದಾಖಲಿಸಿತು.

ಈಗ ಮರಳುವ ದಾರಿಗೆ ಬರೋಣ. 26 ಪೌಂಡು ಒತ್ತಡದಲ್ಲಿ, 20 ಡಿಗ್ರಿ ಶಾಖದಲ್ಲಿ ಹೊರಟ ಟೈರು ಪಥದಲ್ಲಿ 70 ಡಿಗ್ರಿಗೆ ಕಾದರೆ ಒಳಗಿನ ಒತ್ತಡ ಸುಮಾರು 33 ಪೌಂಡಿಗೆ ಏರುತ್ತದೆ. ಆಗ ಟೈರು ಉಬ್ಬಿ ಹಿಡಿತ ತಗ್ಗುವುದರಿಂದ ಚಾಲಕನು ಗಾಳಿಯನ್ನು ಬಿಟ್ಟು 28ಕ್ಕೆ ಇಳಿಸುತ್ತಾನೆ. ಪಥದ ಮಟ್ಟಿಗೆ ಇದು ಸರಿಯಾದ ಕ್ರಮ. ಆದರೆ ಸಂಜೆ ಟೈರು ತಣಿದಾಗ ಅದೇ ಒತ್ತಡ 22 ಪೌಂಡಿಗೂ ಇಳಿದಿರುತ್ತದೆ. ಆ ಹೊತ್ತಿಗೆ ಮಳೆ ಬಂದಿತೆನ್ನಿ. ನಿಂತ ನೀರಿನ ಮೇಲೆ ಟೈರು ತೇಲತೊಡಗುವ ವೇಗಕ್ಕೂ ಗಾಳಿಯ ಒತ್ತಡಕ್ಕೂ ಸಂಬಂಧವಿದೆಯೆಂದು 1963ರಲ್ಲಿ ಅಮೆರಿಕದ ನಾಸಾ ಸಂಸ್ಥೆಯವರು ವಿಮಾನದ ಟೈರುಗಳ ಪ್ರಯೋಗಗಳಿಂದ ತೋರಿಸಿಕೊಟ್ಟರು. ಕಾರಿನ ಟೈರಿಗೆ ಆ ಸೂತ್ರ ಕರಾರುವಾಕ್ಕಾಗಿ ಒಪ್ಪದಿದ್ದರೂ ದಿಕ್ಕನ್ನು ಸೂಚಿಸುತ್ತದೆ: 26 ಪೌಂಡಿಗೆ ಗಂಟೆಗೆ ಸುಮಾರು 85 ಕಿಲೋಮೀಟರು, 22 ಪೌಂಡಿಗೆ 78. ಇದರ ಮೇಲೆ ಗೀರುಗಳು ದಿನದ ಓಟದಲ್ಲಿ ಸವೆದಿರುತ್ತವೆ. ಹೊಸ ಟೈರಿನಲ್ಲಿ ಸುಮಾರು 8 ಮಿಲಿಮೀಟರು ಆಳವಿರುವ ಗೀರು 1.6ಕ್ಕಿಂತ ಕಡಮೆಯಾಗಬಾರದೆಂದು ಬ್ರಿಟನ್ನಿನ ಕಾನೂನು ವಿಧಿಸುತ್ತದೆ; ಮಳೆಗೆ ಅದರ ಇಮ್ಮಡಿ ಇದ್ದರೂ ಹೆಚ್ಚಲ್ಲ. ಪಂದ್ಯದ ಟೈರಿಗೆ ಮೊದಲಿನಿಂದಲೇ ಗೀರು ಕಡಮೆ. ಪಥದಲ್ಲಿ ಜಾರಿದವನಿಗೆ ಹುಲ್ಲುಬಯಲು ಸಿಕ್ಕುತ್ತದೆ. ರಸ್ತೆಯಲ್ಲಿ ಜಾರಿದವನಿಗೆ ಎದುರಾಗುವುದು ಇನ್ನೊಬ್ಬರ ಸಂಸಾರವನ್ನು ಹೊತ್ತ ಗಾಡಿ.

ಆದಕಾರಣ ನಮ್ಮ ಅಭಿಪ್ರಾಯ ಹೀಗಿದೆ. ಒಂದೇ ಜೊತೆ ಚಕ್ರಗಳನ್ನು ಇಟ್ಟುಕೊಂಡವನು ಮೂಲದ ಅಳತೆಗೆ ಹತ್ತಿರವಾದ, ಹೊಸದಾಗಿ ತಯಾರಾದ, ಒಳ್ಳೆಯ ರಸ್ತೆಯ ಬೇಸಗೆಯ ಟೈರನ್ನು ಆರಿಸಬೇಕು. ಹಲವು ದಿನ ಪಥದಲ್ಲಿ ಪಳಗಿ, ತನ್ನ ಕೈಗಿಂತ ಮೊದಲು ಟೈರೇ ದಣಿಯುತ್ತಿದೆಯೆಂದು ಕಂಡುಕೊಂಡ ಮೇಲೆ ಎರಡನೆಯ ಜಾತಿಗೆ ಏರಬಹುದು. ಏರಿದವನು ಚಳಿಯಲ್ಲಿಯೂ ಮಳೆಯಲ್ಲಿಯೂ ನಿಧಾನವನ್ನು ರೂಢಿಸಿಕೊಳ್ಳಬೇಕು. ಮೂರನೆಯ ಜಾತಿಯನ್ನು ಬಯಸುವವನು ಅದನ್ನು ಬೇರೆಯ ಚಕ್ರಗಳಿಗೆ ತೊಡಿಸಿ, ಪಥದವರೆಗೆ ಬೇರೆ ಗಾಡಿಯಲ್ಲಿ ಸಾಗಿಸಿ, ಅಲ್ಲಿಯೇ ಬದಲಾಯಿಸಿಕೊಳ್ಳುವುದು ಲೇಸು. ಯಾವ ಜಾತಿಯದೇ ಆಗಲಿ, ಮನೆಗೆ ಹೊರಡುವ ಮುನ್ನ ಗಾಳಿಯನ್ನು ಅಳೆದು ತುಂಬಿಸಬೇಕು. ಸಣ್ಣ ಪಂಪೊಂದೂ ಒತ್ತಡ ಅಳೆಯುವ ಮಾಪಕವೊಂದೂ ಕಾರಿನಲ್ಲಿ ಇರಲೇಬೇಕಾದ ವಸ್ತುಗಳು.

ಈ ಮಾತು ಇಂಗ್ಲೆಂಡಿಗಷ್ಟೇ ಸೇರಿದ್ದಲ್ಲ. ಬೆಂಗಳೂರಿನ ಹವ್ಯಾಸಿಯು ಮದರಾಸಿನ ಬಳಿಯ ಇರುಂಗಾಟ್ಟುಕೋಟ್ಟೈ ಪಥಕ್ಕೆ ಹೋಗಬೇಕಾದರೆ ಹೆದ್ದಾರಿಯಲ್ಲಿ ಸುಮಾರು 300 ಕಿಲೋಮೀಟರು ಕ್ರಮಿಸಬೇಕು. ಬರುವಾಗ ಮತ್ತೆ ಅಷ್ಟೇ ದೂರ. ಪಥದ ಮೇಲೆ ಸುತ್ತುವ ದೂರಕ್ಕಿಂತ ಹೋಗಿ ಬರುವ ದೂರವೇ ಎಷ್ಟೋ ವೇಳೆ ಹೆಚ್ಚು. ನಮ್ಮ ಬಿಸಿಲು ರಬ್ಬರನ್ನು ಬೇಗ ಮುದಿಯಾಗಿಸುತ್ತದೆ, ನಮ್ಮ ಮುಂಗಾರು ಗೀರುಗಳ ಆಳವನ್ನು ಪರೀಕ್ಷಿಸುತ್ತದೆ.

ಟೈರನ್ನು ಕೊಳ್ಳುವವನು ಅಂಗಡಿಯವನನ್ನು ಇದು ಎಷ್ಟು ವೇಗಕ್ಕೆ ಆಗುತ್ತದೆ ಎಂದು ಕೇಳುವುದು ವಾಡಿಕೆ. ಸಂಜೆ ಮಳೆಯಲ್ಲಿ ಇದು ನನ್ನನ್ನು ಮನೆ ಮುಟ್ಟಿಸುತ್ತದೆಯೆ ಎಂದೂ ತನ್ನನ್ನು ತಾನು ಕೇಳಿಕೊಳ್ಳಲಿ. ಎರಡಕ್ಕೂ ಸಮಾಧಾನಕರವಾದ ಉತ್ತರ ದೊರೆತ ಟೈರೇ ಅವನ ಕಾರಿಗೆ ತಕ್ಕ ಟೈರು.